ಕೊನೆಯ ಸೀನಿಗೆ ಮೊದಲು

ಬೆರಳಿಗೆ ಸೂಜಿ ಚುಚ್ಚಿಕೊಂಡ ದರ್ಜಿ ಆಸ್ಪತ್ರೆಯ ಬೆಂಚಿನಲ್ಲಿ ಕಾಯುತ್ತಿದ್ದ. ಗೋಡೆಯ ಟಿ.ವಿ.ಯಲ್ಲಿ ಹಳೆಯ ಹಾಸ್ಯಚಿತ್ರ. ಡಾಕ್ಟರ ವೇಷದಲ್ಲಿ ಹುಡುಗಿಯ ಮನೆ ಹೊಕ್ಕ ನಾಯಕ ಅವಳನ್ನೇ ನೋಡುತ್ತ, ಅವಳಪ್ಪನ ನಾಡಿ ಬಿಟ್ಟು ತನ್ನದೇ ನಾಡಿ ಹಿಡಿದು ಕೂತಿದ್ದ. ದರ್ಜಿಗೆ ನಗು ಉಕ್ಕಿತು. ಪಕ್ಕದ ಅತ್ತಿಗೆ-ನಾದಿನಿಯರ ಊದಿದ ಕಣ್ಣು ಕಂಡು ನುಂಗಿಕೊಂಡ.

"ಟಿ.ವಿ. ಆರಿಸೋಕೆ ಹೇಳ್ಲಾ ಅತ್ತಿಗೆ?" ನಾದಿನಿ ಕೇಳಿದಳು.

"ಬೇಡ ಬಿಡು. ನಿಮ್ಮಣ್ಣನಿಗೆ ಇವನಂದ್ರೆ ಪ್ರಾಣ. ಮುಖ ಒಂಚೂರೂ ಅಲ್ಲಾಡಿಸ್ದೆ ನಗಿಸ್ತಾನೆ ಅನ್ನೋರು."

"ಈಗ ಎಂಬತ್ತು ದಾಟಿದೆ ಇವನಿಗೆ. ಮೊನ್ನೆ ಯಾವುದೋ ಸಮಾರಂಭದಲ್ಲಿ ಹೀಗೇ ನಾಡಿ ಹಿಡ್ಕೊಂಡು, ಇನ್ನೂ ಹೊಡ್ಕೋತಿದೆ ಅಂದ."

"ಹೊಡ್ಕೊಳ್ಲಿ ಪಾಪ. ಚೆನ್ನಾಗಿರಲಿ."



"ಕೊನೇಲಿ ಅವಳಪ್ಪ ಒಪ್ತಾನಾ?"

"ನನಗೇನು ಗೊತ್ತು? ನಿಮ್ಮಣ್ಣ ಎಷ್ಟು ಸಲ ಥಿಯೇಟರಿಗೆ ಕರ್ಕೊಂಡು ಹೋದ್ರೂ, ಜನ ನುಗ್ಗೋ ಮುಂಚೆ ಸ್ಕೂಟರ್ ತೆಗೀಬೇಕು ಅಂತ ಎಬ್ಬಿಸಿಬಿಡೋರು. ಕೊನೆ ನೋಡೇ ಇಲ್ಲ."

"ಇವತ್ತು ನೋಡಿ. ಗಾಡಿ ಬರೋಕೆ ಇನ್ನೂ ಹೊತ್ತಿದೆಯಂತೆ."

ಅಷ್ಟರಲ್ಲಿ ವಾರ್ಡಿನವನು ಬಾಗಿಲಲ್ಲಿ ಇಣುಕಿದ. "ಬಾಡಿ ತಗೊಂಡು ಹೋಗೋರು ಯಾರಮ್ಮ? ಗಾಡಿ ಬಂದಿದೆ."

ಟಿ.ವಿ.ಯಲ್ಲಿ ಅವಳಪ್ಪ ಏನೋ ಹೇಳಲು ಬಾಯಿ ತೆರೆದಿದ್ದ. ಅತ್ತಿಗೆ ಗಂಡನ ಚಪ್ಪಲಿಯಿದ್ದ ಚೀಲ ಎತ್ತಿಕೊಂಡು ನಾದಿನಿಯ ಹಿಂದೆ ನಡೆದಳು.

"ನೋಡಿದ್ಯಾ? ಇವತ್ತೂ ಎಬ್ಬಿಸಿಬಿಟ್ರು."