ರಂಗಯ್ಯ ಹಸು ಮಾರಿದ್ದು ಯಾಕೆ?

ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದೆ. ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಲ್ಲಿ ಓಡುವ ಹಾಸನದ ಬಸ್ಸಿಗೆ ಕಾಯುವ ಮೂವರು ನಮ್ಮ ಜಗಲಿಗೆ ಬಂದು ಕೂತರು. ನಂಜ, ಅವನ ತಾಯಿ, ಪರೀಕ್ಷೆಗೆ ಹೊರಟ ಮಗಳು ಸುಬ್ಬಿ. ಫೇಲಾದರೆ ಸ್ಕೂಲು ಬಿಡಿಸುತ್ತೇನೆಂದು ಅವಳಪ್ಪ ನಂಜ ದಾರಿಯುದ್ದಕ್ಕೂ ಹೇಳುತ್ತಲೇ ಬಂದಿದ್ದ. ಸುಬ್ಬಿ ಮೇಷ್ಟ್ರು ಅಭ್ಯಾಸಕ್ಕೆ ಕೊಟ್ಟ ಪ್ರಶ್ನೆ ಓದಿದಳು.

“‘ರಂಗಯ್ಯನಲ್ಲಿ ಒಂದೇ ಹೊರೆ ಹುಲ್ಲು ಉಳಿದಿತ್ತು. ಅವನು ಹಸುವನ್ನು ಮಾರಿದನು.’ ಯಾಕೆ ಮಾರಿದ? ಒಂದು, ಮೇವು ಇರಲಿಲ್ಲ. ಎರಡು, ಮೇವು ಸಾಲುತ್ತಿರಲಿಲ್ಲ.”

“ಎರಡೂ ಒಂದೇ ಕಣವ್ವ. ಮೊದಲ್ನೇದು ಬರಿ,” ಅಂದ ಅಪ್ಪ.

“ಎರಡೂ ಸುಳ್ಳು ಕಣ್ಲಾ ನಂಜ,” ಅಂದಳು ಅಜ್ಜಿ. “ಹಸ ಮಾರೋನು ಯಾವನ್ಲಾ ನಿಜ ಯೋಳ್ತಾನೆ? ಅದು ಒದೆಯೋ ಹಸ.”

“ಒದೀತದೆ ಅಂತ ಬರ್ದಿಲ್ವಲ್ಲವ್ವಾ,” ಅಂದ ನಂಜ.

“ಬರ್ದ್ರೆ ಯಾವನ್ ಕೊಂಡ್ಕತಾನೆ?”

“ಅದೂ ದಿಟವೇ. ಎಷ್ಟನೇ ಸೂಲಿನ ಹಸ ಮಗಾ, ಎಷ್ಟ್ ಕರ ಹಾಕದೆ?”

“ಅದ್ನ ಬರ್ದಿಲ್ಲ ಕಣಪ್ಪಾ.”

“ನೋಡ್ದಾ! ಮೇಷ್ಟ್ರೂ ಮುಚ್ಚಿಟ್ಟವ್ರೆ.”

“ಎರಡ್ನೂ ಹೊಡ್ದಾಕು ಕೂಸೇ,” ಅಂದಳು ಅಜ್ಜಿ. “ಒದೀತದೆ ಅಂತ್ಲೇ ಬರಿ.”

ಸುಬ್ಬಿಯ ಬೆರಳು ಮಾತ್ರ ‘ಒಂದೇ ಹೊರೆ’ ಎಂಬಲ್ಲಿಂದ ಕದಲಲಿಲ್ಲ. ಅವಳು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಆ ಹಸುವಿನ ಹಲ್ಲು, ಕೆಚ್ಚಲು, ಸುಳಿಯ ಮಾತು ಅಡ್ಡ ಬರುತ್ತಿತ್ತು.

ಬಸ್ಸು ಬಂತು. ಅಪ್ಪ, ಅಜ್ಜಿ ಹಸುವನ್ನು ಬಯ್ಯುತ್ತಲೇ ಹತ್ತಿದರು. ಹಿಂದೆ ಉಳಿದ ಸುಬ್ಬಿ ಮೆಟ್ಟಿಲ ಮೇಲೆ ನಿಂತು ಇಡೀ ಬಸ್ಸಿಗೆ ಕೇಳುವಂತೆ ಕೇಳಿದಳು:

“ಅಪ್ಪಾ, ನೀವಿಬ್ರು ಯೋಳ್ದಂಗೆ ಬರ್ದು ಫೇಲಾದ್ರೆ, ಯಾರ್ನ ಇಸ್ಕೂಲು ಬುಡಿಸ್ತೀಯ?”