ಭರತನ ದೋಣಿ

ಮದುವೆಯಾದ ಹೊಸತರಲ್ಲಿ ಭರತ ಹೆಂಡತಿ ಮಾಯಾಗೆ ಮಾತು ಕೊಟ್ಟಿದ್ದ: ಕೃಷ್ಣಾ ಹೊಳೆಯಲ್ಲಿ ದೋಣಿಯ ಮೇಲೆ ಕೂರಿಸಿಕೊಂಡು ತಿರುಗಾಡಿಸುತ್ತೇನೆ ಅಂತ. ಹನ್ನೆರಡು ವರ್ಷದ ಹಿಂದಿನ ಆ ಮಾತು ಮೊನ್ನೆ ಜುಗೂಳದ ಹೊಳೆದಂಡೆಯಲ್ಲಿ ನಿಂತವರ ಕಿವಿಗೂ ಬಿತ್ತು. ಮಳೆಗಾಲಕ್ಕೆ ಮುಂಚೆ ಸೇವಾ ಸಂಘದವರು ಮಹಾಪೂರದ ತಾಲೀಮು ನಡೆಸಿದ್ದರು. ಸಂಘದ ದೋಣಿ ನಡೆಸುವವನು ಭರತನೇ; ನೀರಲ್ಲಿ ಮುಳುಗುವವರಂತೆ ನಟಿಸುವವರನ್ನು ಅವನು ದೋಣಿಗೆ ಎತ್ತಿಕೊಳ್ಳಬೇಕು.

“ಮುಳುಗೋರ ಪಾತ್ರಕ್ಕ ಈ ಸಲಾನೂ ಸುಗಂಧಾನ ಏನ್ರಿ, ಕಾಕು?” ಅಂದಳು ಮಾಯಾ.

“ಆಕಿ ಚಂದ ಚೀರತಾಳವಾ,” ಅಂದಳು ನೆರೆಮನೆಯ ತಾರವ್ವ.

“ನಮ್ಮವ್ರು ಆಕಿ ಕೈ ಹಿಡದು ಹೆಂಗ ಎತ್ತಾಕತ್ತಾರ ನೋಡ್ರಿ.”

“ಹಿಡೀಲಾರದ ಎತ್ತೂದ ಹೆಂಗ? ಸೇವಾ ಅದು.”

“ಮಹಾಪೂರದಾಗ ಊರ ಮಂದೀನೆಲ್ಲ ದಾಟಸ್ಯಾರ, ಎಮ್ಮಿ ಸೈತ. ನೀರ ಏರೂ ಮೊದಲ ನನ್ನೊಬ್ಬಾಕಿನ್ನ ಚಿಂಚಲಿಗೆ ತವರಿಗೆ ಕಳಸತಾರ.”

“ನಿನ್ನ ಮ್ಯಾಲಿನ ಕಾಳಜಿ, ಹುಚ್ಚಿ.”

“ಆ ಕಾಳಜಿ ಸುಗಂಧಾಗ ಇರಲಿ. ನನಗ ದೋಣಿ ಬೇಕ.”

ದೋಣಿ ದಡಕ್ಕೆ ಬಂತು. “ಇನ್ನ ಯಾರ ಮುಳಗತೀರಿ?” ಎಂದು ಭರತ ಕೇಳಿದ.

ಮಾಯಾ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದಳು. “ನೀವು ಕೊಟ್ಟ ಮಾತಿನ್ಯಾಗ ನಾ ಹನ್ನೆರಡ ವರ್ಸದಿಂದ ಮುಳಗೇನ್ರಿ, ಎತ್ತಕೋರಿ. ಸುಗಂಧಾ, ನೀ ಇಳೀಯವಾ.”

ದೋಣಿ ಇಬ್ಬರನ್ನೇ ಹೊತ್ತು ಆಚೆ ದಡದ ಕಡೆ ಹೋಯಿತು. ಭರತ ಕೊಟ್ಟ ಮಾತು ನಡೆಯಿತು.