ರೈಲಾಟದ ತಾಳೆ ನಂಬರು

ನನ್ನ ಹೆಸರು, ತಂದೆಯ ಹೆಸರನ್ನು ಮೇಲಿನ ಚೌಕದಲ್ಲಿ ಬರೆದುಕೊಂಡಿದ್ದಾರೆ. ವಯಸ್ಸು ನಲವತ್ತೊಂಬತ್ತು. ಉದ್ಯೋಗ ಕಂಪ್ಯೂಟರ್ ಕಸೂತಿ. ವಾಸ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿ. ಮುಂದಿನ ಕೋಣೆ ಕೆಲಸಕ್ಕೆ, ಹಿಂದಿನದು ಸಂಸಾರಕ್ಕೆ. ಯಾರ ಒತ್ತಾಯವೂ ಇಲ್ಲದೆ ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುತ್ತಿರುವುದೇನೆಂದರೆ:

ನಾನು ಶಾಲೆ, ಆಸ್ಪತ್ರೆ, ಕಂಪನಿಗಳ ಸಮವಸ್ತ್ರಕ್ಕೆ ಲಾಂಛನ ಹೊಲಿದುಕೊಡುತ್ತೇನೆ. ಮೊದಲು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ, ಪ್ರತಿಯೊಂದು ಹೊಲಿಗೆಯೂ ಯಾವ ಕಡೆಗೆ ಮಲಗಬೇಕೆಂದು ಗುರುತು ಹಾಕಿ, ಆಮೇಲೆ ಯಂತ್ರಕ್ಕೆ ಕೊಡಬೇಕು. ಯಂತ್ರವನ್ನು ಯಾರು ಬೇಕಾದರೂ ಕೊಳ್ಳಬಹುದು. ಈ ಡಿಸೈನುಗಳೇ ನನ್ನ ಆಸ್ತಿ.

ಆರೋಪಿ ನನ್ನ ಒಡಹುಟ್ಟಿದ ತಮ್ಮ. ಆರೋಪಿ ಎಂಬ ಮಾತು ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೆಬಲ್ ಅವರದು. ನಾನು ಕರೆಯುವುದು ಪುಟ್ಟ ಎಂದು. ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಸೊಂಟದ ಮೇಲೆ ಹೊತ್ತು ತಿರುಗಿದ್ದೇನೆ. ಇದು ಪ್ರಕರಣಕ್ಕೆ ಸಂಬಂಧಪಟ್ಟದ್ದಲ್ಲ ಎಂದರು. ಸಂಬಂಧವಿದೆ, ಬರೆಯಿರಿ ಎಂದೆ.

ನಾವಿಬ್ಬರೂ ಬಹಳ ವರ್ಷಗಳಿಂದ ಕಂಪ್ಯೂಟರಿನಲ್ಲಿ ಒಂದು ರೈಲಾಟ ಆಡುತ್ತೇವೆ. ಹಳಿ ಹಾಸಿ, ನಿಲ್ದಾಣ ಕಟ್ಟಿ, ರೈಲು ಓಡಿಸುವ ಆಟ. ಅವನು ಅವನ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ. ನನ್ನ ರೈಲು ಅವನ ನಿಲ್ದಾಣಕ್ಕೆ ಹೋಗಿ ಬರುತ್ತದೆ. ಈ ವಯಸ್ಸಿಗೆ ಇದೆಲ್ಲ ಬೇಕಿತ್ತೇ ಎಂದು ಹೆಡ್ ಕಾನ್‌ಸ್ಟೆಬಲ್ ನಕ್ಕರು. ನಗಲಿ. ಕೆಲಸದ ಕಂಪ್ಯೂಟರಿನಲ್ಲಿ ಆಟ ಹಾಕಬಾರದೆಂದು ಈಗ ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ. ನನಗಿರುವುದೇ ಒಂದು ಕಂಪ್ಯೂಟರ್.

ಆಟದ ಹೊಸ ಆವೃತ್ತಿ ಬಂದಾಗ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಆಟ ತಯಾರಿಸಿದವರು ಅದರ ಜೊತೆಗೆ ಅಕ್ಷರ, ಅಂಕಿಗಳ ಉದ್ದನೆಯ ಸಾಲೊಂದನ್ನು ತಮ್ಮ ಪುಟದಲ್ಲಿ ಹಾಕಿರುತ್ತಾರೆ. ನಾವು ಇಳಿಸಿಕೊಂಡ ಮಾಲಿನಿಂದ ನಮ್ಮ ಕಂಪ್ಯೂಟರೂ ಅಂಥದೊಂದು ಸಾಲನ್ನು ಲೆಕ್ಕ ಹಾಕಿ ತೋರಿಸುತ್ತದೆ. ಎರಡೂ ಒಂದೇ ಇದ್ದರೆ ಮಾಲು ಅಸಲಿ. ನಡುವೆ ಯಾರಾದರೂ ಕೈ ಹಾಕಿದ್ದರೆ ಸಾಲೇ ಬೇರೆಯಾಗುತ್ತದೆ. ನಾವು ಇದಕ್ಕೆ ತಾಳೆ ನಂಬರು ಎನ್ನುತ್ತೇವೆ. ನನಗೆ ಇದನ್ನು ಕಲಿಸಿದವನು ಪುಟ್ಟನೇ. ನಕಲಿ ಪುಟಗಳೂ ಅಸಲಿಯ ಹಾಗೇ ಕಾಣುತ್ತವೆ, ನಿನಗೆ ಗೊತ್ತಾಗುವುದಿಲ್ಲ, ತಯಾರಕರ ಪುಟವನ್ನು ನಾನು ನೋಡಿ ಓದುತ್ತೇನೆ ಎಂದಿದ್ದನು. ಅಂದಿನಿಂದ ಫೋನಿನಲ್ಲಿ ತಾಳೆ ನೋಡುವುದು ನಮ್ಮ ಪದ್ಧತಿ. ಅವನು ನಾಲ್ಕು ಅಕ್ಷರ ಓದುವುದು, ಮುಂದಿನ ನಾಲ್ಕು ನನ್ನ ಕಂಪ್ಯೂಟರ್ ನೋಡಿ ನಾನು ಓದುವುದು, ಹೀಗೆ ಕೊನೆಯವರೆಗೆ. ತಪ್ಪದೆ ಮುಗಿದರೆ ಅವನು ರೈಲಿನಂತೆ ಕೂ ಎನ್ನುತ್ತಿದ್ದನು.

ಕಳೆದ ತಿಂಗಳು ಎಂಟನೇ ತಾರೀಖು ಸಂಜೆ ಆರೂವರೆಗೆ ಹೊಸ ಆವೃತ್ತಿಯ ಕೊಂಡಿಯನ್ನು ಅವನೇ ಕಳಿಸಿದನು. ಇಳಿಸಿಕೊಂಡೆ. ತಾಳೆ ನೋಡಿದೆವು. ಒಂದಕ್ಷರವೂ ತಪ್ಪಲಿಲ್ಲ. ತೆರೆಯುವಾಗ ಕಂಪ್ಯೂಟರಿನ ಕಾವಲು ತಂತ್ರಾಂಶವು ಕೆಂಪು ಎಚ್ಚರಿಕೆ ಕೊಟ್ಟಿತು. ಕೇಳಿದ್ದಕ್ಕೆ, "ಆಟ ಕಂಡ್ರೆ ಅದು ಸುಮ್‌ಸುಮ್ನೆ ಬೊಗಳತ್ತೆ ಅಕ್ಕ, ಆರಿಸಿಬಿಡು. ತಾಳೆ ಸರಿಯಾಗಿದೆಯಲ್ಲ" ಎಂದನು. ಆರಿಸಿದೆ. ಅವನು ಕೂ ಎಂದನು.

ಈ ತಿಂಗಳು ಹದಿನೈದರಂದು ಬೆಳಿಗ್ಗೆ ಹತ್ತು ಗಂಟೆಗೆ, ಹೊಸ ಆಸ್ಪತ್ರೆಯೊಂದರ ದಾದಿಯರ ಸಮವಸ್ತ್ರಕ್ಕೆಂದು ನಾನು ಬಿಡಿಸಿದ್ದ ಕೊಕ್ಕರೆಯ ಮಾದರಿಯನ್ನು ಅಲ್ಲಿನ ವ್ಯವಸ್ಥಾಪಕರಿಗೆ ತೋರಿಸಲು ಹೋದೆ. ಅವರು ಮೇಜಿನ ಖಾನೆಯಿಂದ ಇನ್ನೊಂದು ಬಟ್ಟೆ ತೆಗೆದು ಪಕ್ಕದಲ್ಲಿಟ್ಟರು. ಅದೇ ಕೊಕ್ಕರೆ. ಎಡ ರೆಕ್ಕೆಯಲ್ಲಿ ನಾನು ಕೈತಪ್ಪಿ ಅಡ್ಡ ಮಲಗಿಸಿ, ಚೆನ್ನಾಗಿ ಕಂಡಿತೆಂದು ಬಿಟ್ಟಿದ್ದ ಹೊಲಿಗೆಯೂ ಹಾಗೇ ಇತ್ತು. ಮಾರುಕಟ್ಟೆ ರಸ್ತೆಯ ಕಸೂತಿ ಅಂಗಡಿಯವರು ಇದನ್ನು ಹಿಂದಿನ ವಾರವೇ ಕೊಟ್ಟು ಹೋಗಿದ್ದಾರೆ ಎಂದರು. "ಬೇರೆಯವರ ಕೆಲಸ ಕದ್ದು ತರ್ತೀರಲ್ಲಮ್ಮ, ಇಷ್ಟು ವಯಸ್ಸಾಗಿದೆ" ಎಂದರು. ಅಲ್ಲಿ ಇಬ್ಬರು ದಾದಿಯರು ನಿಂತಿದ್ದರು. ಮಾದರಿಯನ್ನು ಅಲ್ಲೇ ಬಿಟ್ಟು ಬಂದೆ.

ಅಂದು ಮಧ್ಯಾಹ್ನ ನಮ್ಮ ಬೀದಿಯ ಕಂಪ್ಯೂಟರ್ ರಿಪೇರಿ ಹುಡುಗಿಯನ್ನು ಕರೆಸಿದೆ. ಆ ರೈಲಾಟದೊಳಗೆ ಬೇರೊಂದು ತಂತ್ರಾಂಶ ಸೇರಿಸಿದ್ದಾರೆ, ಅದು ನಿಮ್ಮ ಡಿಸೈನುಗಳನ್ನೆಲ್ಲ ಹೊರಗೆ ಕಳಿಸುತ್ತಿದೆ ಎಂದು ಆಕೆ ಹೇಳಿದಳು. ಸಾಧ್ಯವೇ ಇಲ್ಲ, ನನ್ನ ತಮ್ಮನೇ ತಾಳೆ ನೋಡಿದ್ದಾನೆ ಎಂದು ನಾನು ಅವಳ ಮೇಲೇ ಹಾರಾಡಿದೆ. ಆಕೆ ತನ್ನ ಕಂಪ್ಯೂಟರಿನಲ್ಲಿ ತಯಾರಕರ ಪುಟ ತೆಗೆದು, ಅದೇ ಆವೃತ್ತಿಯ ನಂಬರು ತೋರಿಸಿದಳು. ನನ್ನ ಕಂಪ್ಯೂಟರ್ ತೋರಿಸಿದ್ದಕ್ಕೂ ಅದಕ್ಕೂ ಮೊದಲ ಅಕ್ಷರವೇ ಬೇರೆ ಇತ್ತು.

ಪಾಪ, ಅವನಿಗೂ ಯಾರೋ ಟೋಪಿ ಹಾಕಿದ್ದಾರೆ ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಆಕೆಯ ಎದುರಿನಲ್ಲೇ ಅವನಿಗೆ ಫೋನ್ ಮಾಡಿ, ಆಟ ಮತ್ತೆ ಹಾಕುತ್ತಿದ್ದೇನೆ, ತಯಾರಕರ ಪುಟ ತೆಗೆದು ಓದು ಎಂದೆ. ತೆಗೆದೆ ಅಕ್ಕ ಎಂದು, "ಏಳು, ಎಫ್, ಎರಡು, ಸಿ" ಎಂದು ಓದಿದನು. ಅದು ನನ್ನ ಕಂಪ್ಯೂಟರಿನಲ್ಲಿದ್ದ ನಕಲಿ ಆಟದ ನಂಬರು. ನನ್ನ ಮುಂದಿದ್ದ ತಯಾರಕರ ಪುಟದಲ್ಲಿ ಬಿ, ಸೊನ್ನೆ, ಒಂಬತ್ತು, ನಾಲ್ಕು ಎಂದಿತ್ತು. ನನ್ನ ಸರದಿ ಬಂದಾಗ ಆ ಪುಟದಲ್ಲಿದ್ದ ಮುಂದಿನ ನಾಲ್ಕನ್ನು ಓದಿದೆ. "ಸರಿಯಾಗಿ ನೋಡಕ್ಕ, ಮೂರು, ಎ, ಎಂಟು, ಎಂಟು ಬರ್ಬೇಕು" ಎಂದನು. ಪುಟ್ಟ, ನಾನು ತಯಾರಕರ ಪುಟ ನೋಡಿಕೊಂಡೇ ಓದುತ್ತಿದ್ದೇನೆ ಎಂದೆ.

ಅದಕ್ಕೆ ಅವನು, "ನೀನ್ಯಾಕೆ ಅದನ್ನ ನೋಡೋಕೆ ಹೋದೆ?" ಎಂದನು.

ಅವನು ಹೇಳಿದ್ದು ಅಷ್ಟೇ. ಯಾವ ಪುಟ, ಏನಾಯಿತು, ಒಂದನ್ನೂ ಕೇಳಲಿಲ್ಲ. ಸಂಜೆ ಮನೆಗೆ ಬಂದು, ಮಾರುಕಟ್ಟೆ ರಸ್ತೆಯ ಅಂಗಡಿಯಲ್ಲಿ ತಾನು ಪಾಲುದಾರನಾಗಿ ಸೇರಿರುವುದನ್ನು ಒಪ್ಪಿಕೊಂಡನು. "ನಿನ್ನ ಹತ್ರ ಇದ್ರೇನು, ನನ್ನ ಹತ್ರ ಇದ್ರೇನು, ಎಲ್ಲಾ ಮನೇದೇ ಅಲ್ವಾ" ಎಂದನು. ಆಸ್ಪತ್ರೆಗೆ ಹೋಗಿ ಕೊಕ್ಕರೆ ನಮ್ಮ ಅಕ್ಕನದು ಎಂದು ಹೇಳು ಎಂದೆ. ಅದೊಂದು ಆಗುವುದಿಲ್ಲ ಎಂದನು.

ಕೇಳಿದ್ದರೆ ಡಿಸೈನು ಕೊಡುತ್ತಿದ್ದಿರಾ ಎಂದು ಹೆಡ್ ಕಾನ್‌ಸ್ಟೆಬಲ್ ಕೇಳಿದರು. ಕೊಡುತ್ತಿರಲಿಲ್ಲ. ಬಾಯಿಗೆ ಬಂದಂತೆ ಬೈದು, ಊಟ ಹಾಕಿ ಕಳಿಸುತ್ತಿದ್ದೆ.

ಅಪರಿಚಿತರ ಮೇಲೆ ದೂರು ಬರೆದುಕೊಳ್ಳೋಣವೇ, ಎಷ್ಟಾದರೂ ತಮ್ಮನಲ್ಲವೇ ಎಂದೂ ಅವರು ಕೇಳಿದರು. ಅಪರಿಚಿತನಾಗಿದ್ದರೆ ಅವನ ಮಾತು ಕೇಳಿ ನಾನು ಕಾವಲು ಆರಿಸುತ್ತಿರಲಿಲ್ಲ. ಅವನ ಹೆಸರನ್ನೇ ಬರೆಯಿರಿ. ಆ ಕೊಕ್ಕರೆ ನನ್ನದೆಂದು, ಕದ್ದವಳು ನಾನಲ್ಲವೆಂದು ಆ ಆಸ್ಪತ್ರೆಯವರಿಗೆ ತಿಳಿಯಬೇಕು. ನಾನು ಕೇಳಿಕೊಳ್ಳುವುದು ಅದನ್ನು.

ಬರೆದು ಮುಗಿಸಿ ಹೆಡ್ ಕಾನ್‌ಸ್ಟೆಬಲ್ ಅವರು ತಾವೇ ಓದಿ ಹೇಳಲು ಹೊರಟರು. ಬೇಡವೆಂದೆ. ಅವರ ಮೇಲೆ ಅನುಮಾನವೇನಿಲ್ಲ. ಬಾಗಿಲ ಬಳಿ ಕುಳಿತಿದ್ದ ಮಹಿಳಾ ಪೇದೆಯನ್ನು ಕರೆದು, ಅವರ ಕೈಲಿ ಓದಿಸಿ ಕೇಳಿದೆ. ನಾನು ಹೇಳಿದ್ದಕ್ಕೂ ಇಲ್ಲಿ ಬರೆದದ್ದಕ್ಕೂ ತಾಳೆಯಾಗಿದೆ. ಎಲ್ಲವೂ ನಿಜ.

ಸ್ಥಳ: ಠಾಣೆ, ಮುಂದಿನ ಕೋಣೆ
ದಿನಾಂಕ: ಹದಿನೇಳು, ಬುಧವಾರ, ಮಧ್ಯಾಹ್ನ

ಹೇಳಿಕೆ ಕೊಟ್ಟವರ ಸಹಿ
ಬರೆದುಕೊಂಡವರ ಸಹಿ
ಓದಿ ಹೇಳಿದವರ ಸಹಿ (ಹೇಳಿಕೆ ಕೊಟ್ಟವರ ಕೋರಿಕೆಯಂತೆ, ಬೇರೆಯವರಿಂದ)